ಗುಂಡುನಿರೋಧಕ ಕವಚಗಳ ಪರೀಕ್ಷಾ ಸಲಕರಣೆ: ಸರ್ಕಾರಿ ಪ್ರಯೋಗಾಲಯ ಯಾವುದನ್ನು ಕೊಳ್ಳಬೇಕು, ಯಾವುದನ್ನು ಮುಂದೂಡಬಹುದು

ಜಾಕೆಟ್, ಹೆಲ್ಮೆಟ್, ಸೆರಾಮಿಕ್ ಪ್ಲೇಟುಗಳ ಮೇಲೆ ಸಂಶೋಧನೆ ಮಾಡುವ ಸರ್ಕಾರಿ ಪ್ರಯೋಗಾಲಯಕ್ಕೆ ಅನುದಾನ ಬಂತೆಂದರೆ ಇಂಡೆಂಟಿನ (ಖರೀದಿ ಬೇಡಿಕೆಪಟ್ಟಿಯ) ಮೊದಲ ಎರಡು ಸಾಲು ಬಂದೂಕಿಗೆ ಮತ್ತು ಹೈಸ್ಪೀಡ್ ಕ್ಯಾಮೆರಾಗೆ ಮೀಸಲು. ಆದರೆ ಪರೀಕ್ಷಾ ವರದಿಯಲ್ಲಿ ಕೊನೆಗೆ ಉಳಿಯುವುದು ಮೂರೇ ಸಂಗತಿ: ಗುಂಡು ಎಷ್ಟು ವೇಗದಲ್ಲಿ ಬಡಿಯಿತು, ತೂರಿ ಹೋಯಿತೋ ಇಲ್ಲವೋ, ತೂರದಿದ್ದರೆ ಕವಚದ ಹಿಂಬದಿಯಲ್ಲಿ ಎಷ್ಟು ಆಳದ ತಗ್ಗು ಬಿತ್ತು. ಈ ಮೂರರಲ್ಲಿ ಎಷ್ಟು ತಪ್ಪನ್ನು ಸಹಿಸಬಹುದು ಎಂದು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಸಲಕರಣೆಯನ್ನು ಆರಿಸಬೇಕು. ಬ್ರೋಷರಿನಿಂದ ಶುರುಮಾಡಿದರೆ ಟೆಂಡರ್ ಸಲೀಸಾಗಿ ಮುಗಿಯುತ್ತದೆ, ತೊಂದರೆ ಕಾಣುವುದು ಎರಡು ವರ್ಷ ಕಳೆದ ಮೇಲೆ.

ಕೆಲಸ ಯಾವ ಬಗೆಯದು?

ಹೊರನೋಟಕ್ಕೆ ಒಂದೇ ಥರ ಕಾಣುವ ಮೂರು ಕೆಲಸಗಳಿವೆ. ಮೊದಲನೆಯದು, ಒಂದು ಮಾನದಂಡದ ಪ್ರಕಾರ ಪಾಸು-ಫೇಲು ಹೇಳುವುದು. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ (ಎನ್‌ಐಜೆ) ಹೊರಡಿಸಿದ ಎನ್‌ಐಜೆ 0101.06, ಯುರೋಪಿನ ಪರೀಕ್ಷಾ ಸಂಸ್ಥೆಗಳ ಒಕ್ಕೂಟ ವಿಪಿಎಎಂನವು, ಭಾರತದ ಐಎಸ್ 17051 ಈ ಬಗೆಯವು. ಎರಡನೆಯದು ವಿ50, ಅಂದರೆ ಅರ್ಧದಷ್ಟು ಹೊಡೆತಗಳು ತೂರಿ ಹೋಗುವ ವೇಗವನ್ನು ಹುಡುಕುವುದು. ಇದಕ್ಕೆ ಅಮೆರಿಕದ ಸೈನ್ಯದ ಎಂಐಎಲ್-ಎಸ್‌ಟಿಡಿ-662ಎಫ್, ನೇಟೋದ ಸ್ಟ್ಯಾನಾಗ್ 2920 ಬಳಕೆಯಲ್ಲಿವೆ. ಮೂರನೆಯದು, ಬಡಿದ ಆ ಕ್ಷಣದಲ್ಲಿ ಬಟ್ಟೆಯೋ ಸೆರಾಮಿಕ್ಕೋ ಹೇಗೆ ವರ್ತಿಸುತ್ತದೆ ಎಂದು ನೋಡುವ ಶುದ್ಧ ಸಂಶೋಧನೆ.

ಪಾಸು-ಫೇಲಿನಲ್ಲಿ ವೇಗಕ್ಕೆ ಒಂದಿಷ್ಟು ಸಡಿಲ ಇರುತ್ತದೆ. ಎನ್‌ಐಜೆ 0101.06ರಲ್ಲಿ ಟೈಪ್ 3 ಪ್ಲೇಟಿಗೆ ಸೆಕೆಂಡಿಗೆ 847 ಮೀಟರ್ ಎಂದಿದ್ದರೆ ಅತ್ತಿತ್ತ 9.1 ಮೀಟರ್ ನಡೆಯುತ್ತದೆ. ವಿ50 ಸಂಶೋಧನೆಯ ಕಥೆ ಬೇರೆ. ಎರಡು ನೇಯ್ಗೆಗಳ ನಡುವಿನ ವ್ಯತ್ಯಾಸವೇ ಸೆಕೆಂಡಿಗೆ 10 ಮೀಟರ್ ಇರುವಾಗ ಅಳತೆಯಲ್ಲೇ 3 ಮೀಟರ್ ತಪ್ಪಿದ್ದರೆ ಯಾವುದು ಮೇಲು ಎಂದು ಹೇಳುವ ಅಧಿಕಾರವೇ ಉಳಿಯುವುದಿಲ್ಲ. ಪ್ರಮಾಣೀಕರಣಕ್ಕೆ ಸಾಲುವ ಸಲಕರಣೆ ಸಂಶೋಧನೆಗೂ ಸಾಲುತ್ತದೆ ಎಂಬ ಊಹೆಯಿಂದಲೇ ಹಣ ಹೆಚ್ಚು ಪೋಲಾಗುತ್ತದೆ.

ಮಾನದಂಡದ ಹೆಸರನ್ನು ಸಂಖ್ಯೆ ಮತ್ತು ವರ್ಷದ ಸಮೇತ ಬರೆಯಬೇಕು. ಎನ್‌ಐಜೆ 0101.06 ಬಂದದ್ದು 2008ರಲ್ಲಿ. 2023ರಲ್ಲಿ 0101.07 ಬಂತು, ಗುಂಡು ಮತ್ತು ವೇಗಗಳ ಪಟ್ಟಿಯನ್ನು ಅದರಿಂದ ಬೇರ್ಪಡಿಸಿ 0123.00 ಎಂಬ ಇನ್ನೊಂದು ದಾಖಲೆಗೆ ಸೇರಿಸಲಾಯಿತು. ಹಳೆಯ ಟೈಪ್ 3, ಟೈಪ್ 4 ಹೆಸರುಗಳ ಜಾಗದಲ್ಲಿ ಈಗ ಆರ್‌ಎಫ್1, ಆರ್‌ಎಫ್2, ಆರ್‌ಎಫ್3 ಇವೆ. "ಎನ್‌ಐಜೆ ಪ್ರಕಾರ" ಎಂದಷ್ಟೇ ಬರೆದ ಟೆಂಡರಿಗೆ ಹಳೆಯ ಪಟ್ಟಿಯ ಬ್ಯಾರೆಲ್‌ಗಳನ್ನು ಕೊಟ್ಟು ಕೈತೊಳೆದುಕೊಂಡರೆ ಪೂರೈಕೆದಾರರನ್ನು ದೂರುವ ಹಾಗಿಲ್ಲ.

ವೇಗ ಅಳೆಯಲು: ಬೆಳಕಿನ ಪರದೆಯೋ, ಡಾಪ್ಲರ್ ರೇಡಾರೋ?

ಬೆಳಕಿನ ಪರದೆಯ ತತ್ವ ಸರಳ. ಗೊತ್ತಿರುವ ಅಂತರದಲ್ಲಿ ಎರಡು ಚೌಕಟ್ಟು. ಗುಂಡು ಮೊದಲನೆಯದನ್ನು ದಾಟಿದಾಗ ಗಡಿಯಾರ ಶುರು, ಎರಡನೆಯದನ್ನು ದಾಟಿದಾಗ ನಿಲುಗಡೆ. ತಪ್ಪು ಎಲ್ಲಿ ನುಸುಳುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಪರದೆಗಳ ಅಂತರ 1 ಮೀಟರ್, ಗುಂಡಿನ ವೇಗ 847 ಮೀಟರ್ ಎಂದಿಟ್ಟುಕೊಳ್ಳಿ. ದಾಟಲು ಹಿಡಿಯುವ ಕಾಲ ಸುಮಾರು 1,181 ಮೈಕ್ರೋಸೆಕೆಂಡ್. ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ವೇಗದಲ್ಲಿ 0.7 ಮೀಟರ್ ತಪ್ಪು. ಅಂತರ ಅಳೆಯುವಾಗ 1 ಮಿಲಿಮೀಟರ್ ತಪ್ಪಿದರೆ 0.85 ಮೀಟರ್ ತಪ್ಪು. ಅಂತರವನ್ನು 2 ಮೀಟರಿಗೆ ಏರಿಸಿದರೆ ಎರಡೂ ಅರ್ಧಕ್ಕಿಳಿಯುತ್ತವೆ. ಮಾರಾಟಗಾರರು 0.1 ಮೈಕ್ರೋಸೆಕೆಂಡಿನ ಗಡಿಯಾರವನ್ನು ದೊಡ್ಡದಾಗಿ ತೋರಿಸುತ್ತಾರೆ, ಚೌಕಟ್ಟಿನ ಅಂತರವನ್ನು ಯಾವುದರಿಂದ ಅಳೆದು ಪ್ರಮಾಣಪತ್ರ ಕೊಡುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ಮೌನ. ಟೇಪು ಹಿಡಿದು ಅಳೆದ ಅಂತರದ ಮೇಲೆ ಎಷ್ಟು ಸೂಕ್ಷ್ಮ ಗಡಿಯಾರ ಕೂರಿಸಿದರೂ ಫಲವಿಲ್ಲ.

ಅದಕ್ಕಿಂತ ಕಣ್ಣಿಗೆ ಬೀಳದ ತಪ್ಪು ಪರದೆಗಳು ಸಮಾನಾಂತರವಾಗಿ ಇಲ್ಲದಿರುವುದು. ಒಂದು ಪರದೆ ಒಂದು ಡಿಗ್ರಿ ವಾಲಿದೆ, ಗುಂಡು ಅಂತರ ಅಳೆದ ಗೆರೆಗಿಂತ 100 ಮಿ.ಮೀ. ಮೇಲೆ ಹೋಯಿತು ಎಂದರೆ ನಿಜವಾದ ಅಂತರ 1.7 ಮಿ.ಮೀ.ನಷ್ಟು ಬದಲಾಗಿರುತ್ತದೆ, ಅಂದರೆ ವೇಗದಲ್ಲಿ ಹತ್ತಿರ ಹತ್ತಿರ ಒಂದೂವರೆ ಮೀಟರ್. ಪ್ಯಾನೆಲಿನ ಮೇಲೆ ಆರು ಜಾಗಕ್ಕೆ ಹೊಡೆಯಲು ಬಂದೂಕನ್ನೇ ಅತ್ತಿತ್ತ ತಿರುಗಿಸುವ ರೇಂಜಿನಲ್ಲಿ ಪ್ರತಿ ಹೊಡೆತಕ್ಕೂ ಬೇರೆ ಬೇರೆ ತಪ್ಪು ಸೇರುತ್ತದೆ. ಬಂದೂಕು ಮತ್ತು ಪರದೆಗಳನ್ನು ಅಲುಗದಂತೆ ಬಿಟ್ಟು ಗುರಿಯನ್ನೇ ಜರುಗಿಸುವ ವ್ಯವಸ್ಥೆ ಕೊಂಡರೆ ಈ ತಲೆನೋವು ಇರುವುದಿಲ್ಲ. ಅದಕ್ಕೆ ಬೇರೊಂದು ಬೆಲೆ ಇದೆ, ಕವಚದ ಹಿಂದೆ ಇಡುವ ಕ್ಲೇ ಬಗ್ಗೆ ಹೇಳುವಾಗ ಅದು ಬರುತ್ತದೆ.

ಪರದೆಗಳು ಸುಳ್ಳು ಸಿಗ್ನಲ್ ಕೊಡುವುದೂ ಉಂಟು. ಬ್ಯಾರೆಲಿನ ಬಾಯಿಯ ಬೆಂಕಿ, ಸುಡದೆ ಹಾರಿ ಬಂದ ಮದ್ದಿನ ಕಾಳು, ಕಳಚಿ ಬಿದ್ದ ಸ್ಯಾಬೋ (ಚಿಕ್ಕ ತುಣುಕನ್ನು ಬ್ಯಾರೆಲಿನೊಳಗೆ ಹಿಡಿದಿಡುವ ತೊಡಿಕೆ) ಚೂರು, ಶಬ್ದಕ್ಕಿಂತ ನಿಧಾನದ ಗುಂಡಾದರೆ ಅದಕ್ಕಿಂತ ಮೊದಲು ಬಂದು ಚೌಕಟ್ಟನ್ನು ನಡುಗಿಸುವ ಶಬ್ದದ ಅಲೆ, ಕಡೆಗೆ ಒಂದು ಸೊಳ್ಳೆ ಕೂಡ ಸಾಕು. ಬಾಯಿಯ ಮುಂದೆ ತೂತಿರುವ ಬ್ಲಾಸ್ಟ್ ತಡೆ ಹಲಗೆ, ಪರದೆಗೆ ನೆಲದಿಂದ ಬೇರೆಯಾದ ಆಧಾರ ಇರಬೇಕು. ಎನ್‌ಐಜೆ 0101.06 ಎರಡು ಸ್ವತಂತ್ರ ಜೋಡಿಗಳಿಂದ ವೇಗ ಅಳೆಯಿರಿ ಎನ್ನುವುದು ಇದಕ್ಕೇ. ಇಲ್ಲೊಂದು ಹಳೆಯ ಚಾಲಾಕಿ ಇದೆ: ಮೂರು ಪರದೆ ಕೊಟ್ಟು, ಮೊದಲನೆಯದನ್ನು ಎರಡೂ ಜೋಡಿಗೆ ಹಂಚಿ "ಎರಡು ಅಳತೆ" ಎನ್ನುವುದು. ಆ ಮೊದಲ ಪರದೆ ಸುಳ್ಳು ಹೇಳಿದರೆ ಎರಡೂ ಅಳತೆ ಒಟ್ಟಿಗೇ ಕೆಡುತ್ತವೆ. ನಾಲ್ಕು ಪರದೆ, ಎರಡು ಗಡಿಯಾರ ಎಂದು ಬಿಡಿಸಿ ಬರೆಯಿರಿ.

ರೇಡಾರಿನ ಬಲ ಬೇರೆ. ಗುಂಡಿಗೆ ಬಡಿದು ಮರಳುವ ಅಲೆಯ ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ಅದು ವೇಗ ಹೇಳುತ್ತದೆ. ಗುಂಡು ಹಾರುವ ಉದ್ದಕ್ಕೂ ವೇಗ ಹೇಗೆ ಇಳಿಯುತ್ತದೆ ಎಂಬ ಗೆರೆಯನ್ನೇ ಕೊಡುತ್ತದೆ, ಬಡಿಯುವ ಕ್ಷಣದ ವೇಗವನ್ನು ಊಹಿಸಬೇಕಾಗಿಲ್ಲ. ಚೌಕಟ್ಟಿಗೆ ಗುಂಡು ತಗುಲಿ ಒಡೆಯುವ ಭಯವಿಲ್ಲ. ಆದರೆ ಅದಕ್ಕೆ ನೋಡಲು ಸಮಯ ಬೇಕು. ಕೈಬಂದೂಕಿನ ಗುಂಡಿನ ಪರೀಕ್ಷೆಯಲ್ಲಿ ಗುರಿ ಇರುವುದು 5 ಮೀಟರ್ ದೂರದಲ್ಲಿ. ಬಾಯಿಯ ಹೊಗೆ-ಬೆಂಕಿಯ ಮೊದಲ ಮೀಟರ್ ಕಳೆದರೆ ಉಳಿಯುವುದು 4 ಮೀಟರ್. 436 ಮೀಟರ್ ವೇಗದ ಗುಂಡು ಅದನ್ನು ದಾಟಲು 9 ಮಿಲಿಸೆಕೆಂಡ್ ಸಾಕು. ಅಷ್ಟು ಹೊತ್ತಿನ ಸಿಗ್ನಲ್‌ನಲ್ಲಿ 10.5 ಗಿಗಾಹರ್ಟ್ಸ್ ರೇಡಾರ್ ಬಿಡಿಸಿ ನೋಡಬಲ್ಲ ಕನಿಷ್ಠ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್. 35 ಗಿಗಾಹರ್ಟ್ಸ್ ಆದರೆ ಅರ್ಧ ಮೀಟರ್. ಸಾಫ್ಟ್‌ವೇರ್ ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ ನಿಜ, ಆದರೆ ಮೂಲ ಸಿಗ್ನಲ್ ಬಡವಾಗಿದ್ದರೆ ಸಾಫ್ಟ್‌ವೇರ್ ಎಲ್ಲಿಂದ ತಂದೀತು?

ಸಿಡಿದ ಬಾಂಬಿನ ಚೂರುಗಳ ಬದಲಿಗೆ ಹಾರಿಸುವ ಚಿಕ್ಕ ತುಣುಕುಗಳಲ್ಲಿ ಈ ಆಯ್ಕೆ ಇನ್ನೂ ನಿರ್ಣಾಯಕ. ಹೆಲ್ಮೆಟ್ ಪರೀಕ್ಷೆಗೆ ಬಳಸುವ 1.1 ಗ್ರಾಂ ಉಕ್ಕಿನ ತುಣುಕಿನ ಅಡ್ಡಳತೆ ಸುಮಾರು 5.4 ಮಿ.ಮೀ. 10.5 ಗಿಗಾಹರ್ಟ್ಸ್ ಅಲೆಯ ಉದ್ದ 28 ಮಿ.ಮೀ.ಗೂ ಹೆಚ್ಚು. ಅಲೆಗಿಂತ ವಸ್ತು ಇಷ್ಟು ಚಿಕ್ಕದಾದಾಗ ಮರಳಿ ಬರುವ ಪ್ರತಿಧ್ವನಿ ತೀರಾ ಕುಗ್ಗುತ್ತದೆ, ಒಳಾಂಗಣದ ಕಬ್ಬಿಣದ ಗೋಡೆ-ಚೌಕಟ್ಟುಗಳ ಪ್ರತಿಫಲನದಲ್ಲಿ ಮುಚ್ಚಿಯೂ ಹೋಗಬಹುದು.

ನಮ್ಮ ಶಿಫಾರಸು ಹೀಗೆ: 5 ಮೀಟರಿನ ರೇಂಜಿಗೆ ಬೆಳಕಿನ ಪರದೆಯ ಎರಡು ಸ್ವತಂತ್ರ ಜೋಡಿ, ರೇಡಾರ್ ಬೇಡ. ರೈಫಲ್ ಗುಂಡಿಗೆ 15 ಮೀಟರ್ ದೂರದಲ್ಲಿ ಹೊಡೆಯುವ ರೇಂಜಿದ್ದರೆ ಒಂದು ಜೋಡಿ ಪರದೆ, ಜೊತೆಗೊಂದು ರೇಡಾರ್. ಎರಡರ ತತ್ವ ಬೇರೆಯಾದ್ದರಿಂದ ಒಂದರ ತಪ್ಪನ್ನು ಇನ್ನೊಂದು ಹಿಡಿಯುತ್ತದೆ. ತುಣುಕಿನ ಕೆಲಸವೇ ಹೆಚ್ಚಿದ್ದರೆ ರೇಡಾರಿನ ಆವರ್ತನ ಮೇಲಿನ ಬ್ಯಾಂಡಿನಲ್ಲಿರಲಿ. ರೇಡಾರ್ ಅಲೆ ಹೊರಸೂಸುವ ಯಂತ್ರ, ತರಂಗಾಂತರ ಪ್ರಾಧಿಕಾರದ ಅನುಮತಿ ಬೇಕಾಗುತ್ತದೆ. ಆ ಅರ್ಜಿಯನ್ನು ಟೆಂಡರಿನ ಜೊತೆಗೇ ಹಾಕಿ. ಯಂತ್ರ ಬಂದ ಮೇಲೆ ಹಾಕಿದರೆ ವಾರಂಟಿ ಪೆಟ್ಟಿಗೆಯಲ್ಲೇ ಕರಗುತ್ತದೆ.

ಹೊಡೆಯುವ ಯಂತ್ರ: ಮದ್ದಿನದೋ, ಅನಿಲದ್ದೋ?

ಯೂನಿವರ್ಸಲ್ ರಿಸೀವರ್ ಎಂದರೆ ಭಾರವಾದ ಪೀಠಕ್ಕೆ ಬಿಗಿದ ಬ್ರೀಚ್ (ಬಂದೂಕಿನ ಹಿಂಭಾಗ), ಅದಕ್ಕೆ ಬೇಕಾದ ಕ್ಯಾಲಿಬರಿನ ಬ್ಯಾರೆಲನ್ನು ಹೂಡಿ ದೂರದಿಂದ ಮದ್ದು ಸಿಡಿಸಿ ಹಾರಿಸುವ ವ್ಯವಸ್ಥೆ. ಅನಿಲದ ಗನ್ ಒತ್ತಡದ ಹೀಲಿಯಂ ಅಥವಾ ಸಾರಜನಕದಿಂದ ತುಣುಕನ್ನು ತಳ್ಳುತ್ತದೆ. ಅಸಲಿ ಗುಂಡಿನ ಪರೀಕ್ಷೆಗೆ ಚರ್ಚೆಯೇ ಬೇಡ, ಮೊದಲನೆಯದೇ ಬೇಕು. ಗುಂಡು ಸರಿಯಾದ ಸುತ್ತಿನಲ್ಲಿ ತಿರುಗುತ್ತ ನೆಟ್ಟಗೆ ಬಂದು ಬಡಿಯಬೇಕು. ವಾಲು 5 ಡಿಗ್ರಿ ಮೀರಿದರೆ ಎನ್‌ಐಜೆಯಲ್ಲಿ ಹೊಡೆತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತುಣುಕಿನ ವಿ50 ಕೆಲಸದಲ್ಲಿ ಅನಿಲದ ಗನ್ ಗೆಲ್ಲುತ್ತದೆ, ಆದರೆ ಒಂದು ಮಿತಿಯೊಳಗೆ. ಎಂಐಎಲ್-ಎಸ್‌ಟಿಡಿ-662ಎಫ್ ವಿಧಾನದಲ್ಲಿ ತೂರಿದ ಹೊಡೆತಗಳಲ್ಲಿ ಕಡಿಮೆ ವೇಗದವು, ತೂರದ ಹೊಡೆತಗಳಲ್ಲಿ ಹೆಚ್ಚು ವೇಗದವು, ಎರಡೂ ಒಂದೇ ಸಂಖ್ಯೆಯಲ್ಲಿ, ವೇಗದ ಒಂದು ಗೊತ್ತಾದ ಅಂತರದೊಳಗೆ ಸಿಗಬೇಕು. ಹೆಚ್ಚಾಗಿ ಬಳಸುವ ಅಂತರಗಳಲ್ಲಿ ಒಂದು ಸೆಕೆಂಡಿಗೆ 38 ಮೀಟರ್. ಮದ್ದು ತೂಗಿ ತುಂಬಿದರೂ ಚಿಕ್ಕ ತುಣುಕಿನ ವೇಗ ಹೊಡೆತದಿಂದ ಹೊಡೆತಕ್ಕೆ ಅಲೆದಾಡುತ್ತದೆ. ಬೇಕಾದ ಅಂತರದೊಳಗೆ ಬೀಳದ ಹೊಡೆತಗಳು ಮಾದರಿಯನ್ನು ತಿಂದುಹಾಕುತ್ತವೆ. ಪ್ರಯೋಗದ ನೇಯ್ಗೆ ನಾಲ್ಕೇ ಪ್ಯಾನೆಲ್ ಇದ್ದಾಗ ಇದು ಸಣ್ಣ ಮಾತಲ್ಲ. ಅನಿಲದ ಗನ್ನಿನಲ್ಲಿ ಒತ್ತಡದ ತಿರುಪನ್ನು ಸ್ವಲ್ಪ ತಿರುಗಿಸಿದರೆ ವೇಗ ಅಷ್ಟೇ ಸ್ವಲ್ಪ ಏರುತ್ತದೆ.

ಮಿತಿ ಬರುವುದು ಅನಿಲದ ಶಬ್ದವೇಗದಿಂದ. ತಳ್ಳುವ ಅನಿಲ ತನ್ನ ಶಬ್ದವೇಗದ ಆಸುಪಾಸಿಗೆ ಬಂದ ಮೇಲೆ ಒತ್ತಡ ಎಷ್ಟು ಏರಿಸಿದರೂ ಫಲ ಕಡಿಮೆಯಾಗುತ್ತ ಹೋಗುತ್ತದೆ. ಸಾರಜನಕದಲ್ಲಿ ಅದು ಗಾಳಿಯಷ್ಟೇ, ಸುಮಾರು 350 ಮೀಟರ್. ಹೀಲಿಯಂನಲ್ಲಿ ಸುಮಾರು ಮೂರು ಪಟ್ಟು. ಇಂದಿನ ಹೆಲ್ಮೆಟ್‌ಗಳಿಗೆ 1.1 ಗ್ರಾಂ ತುಣುಕು 600 ಮೀಟರ್ ಮೀರಬೇಕು, ಆದ್ದರಿಂದ ಸಾರಜನಕದ ಗನ್ ಕೊಂಡವರು ಪಶ್ಚಾತ್ತಾಪ ಪಡುತ್ತಾರೆ. ಟೆಂಡರಿನಲ್ಲಿ "ಗರಿಷ್ಠ ವೇಗ" ಎಂದಷ್ಟೇ ಬರೆದರೆ ಅತಿ ಹಗುರ ತುಣುಕಿನ ಅಂಕಿ ಬರುತ್ತದೆ. 1.1 ಗ್ರಾಂ, 2.85 ಗ್ರಾಂ, 13.4 ಗ್ರಾಂ ತುಣುಕುಗಳಿಗೆ, ಸ್ಯಾಬೋ ತೂಕ ಸೇರಿಸಿ, ಬೇರೆ ಬೇರೆಯಾಗಿ ವೇಗ ಕೇಳಿ. ಒತ್ತಡದ ಪಾತ್ರೆಯ ತಪಾಸಣಾ ಪ್ರಮಾಣಪತ್ರವೂ ಬೇಕು.

ಮದ್ದಿನ ದಾರಿ ಹಿಡಿದರೆ ಬ್ಯಾರೆಲ್‌ಗಳನ್ನು ಯಂತ್ರದ ಭಾಗ ಎಂದಲ್ಲ, ಸವೆಯುವ ಸಾಮಾನು ಎಂದು ಲೆಕ್ಕ ಹಿಡಿಯಿರಿ. ಪ್ರತಿ ಬ್ಯಾರೆಲಿಗೂ ಹೊಡೆತದ ಲೆಕ್ಕದ ಪುಸ್ತಕ ಇರಲಿ. ಹೆಚ್ಚು ಬಳಸುವ ಕ್ಯಾಲಿಬರಿಗೆ ಮೊದಲ ಆರ್ಡರಿನಲ್ಲೇ ಎರಡು ಬ್ಯಾರೆಲ್ ಬರಲಿ, ಏಕೆಂದರೆ ಒಂದು ಬ್ಯಾರೆಲಿಗಾಗಿ ಮತ್ತೆ ಟೆಂಡರ್ ಕರೆಯುವಷ್ಟರಲ್ಲಿ ಆರ್ಥಿಕ ವರ್ಷ ಮುಗಿದಿರುತ್ತದೆ.

ಬೆನ್ನಿನ ಆಧಾರ: ಕ್ಲೇ, ಜೆಲಾಟಿನ್

ಜಾಕೆಟಿನ ಹಿಂದೆ ಇಡುವ ಮೆತ್ತನೆಯ ವಸ್ತು ಇಡೀ ಪ್ರಯೋಗಾಲಯದಲ್ಲಿ ಅತಿ ಅಗ್ಗದ್ದು, ಅತಿ ಹೆಚ್ಚು ಕಾಟ ಕೊಡುವುದೂ ಅದೇ. ರೋಮಾ ಪ್ಲಾಸ್ಟಿಲಿನಾ ನಂಬರ್ 1 ಶಿಲ್ಪಿಗಳು ಮಾದರಿ ಮಾಡಲು ಬಳಸುವ ಎಣ್ಣೆ ಕಲಸಿದ ಕ್ಲೇ. ಗುಂಡುನಿರೋಧಕ ಪರೀಕ್ಷೆಗೆಂದು ಅದನ್ನು ಯಾರೂ ತಯಾರಿಸಿದ್ದಲ್ಲ. 1970ರ ದಶಕದಲ್ಲಿ ಕೋಣೆಯ ಬಿಸಿಯಲ್ಲೇ ಬಳಸುತ್ತಿದ್ದರು. ಕಲಾವಿದರ ಅನುಕೂಲಕ್ಕೆ ಪಾಕ ಬದಲಾಗುತ್ತ ಬಂದು, ಈಗ ಅದೇ ಮೆತ್ತನೆ ಬರಲು ಸುಮಾರು 38 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಬೇಕು. ಬಿಸಿ ಮಾಡಿದ್ದು ಆರುತ್ತದೆ, ಆರುತ್ತ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ತಗ್ಗಿನ ಆಳ ಕಡಿಮೆ ಬರುತ್ತದೆ, ಕಳಪೆ ಕವಚ ಪಾಸಾಗುತ್ತದೆ.

ಆದ್ದರಿಂದಲೇ ಬೀಳಿಸುವ ಪರೀಕ್ಷೆ. 63.5 ಮಿ.ಮೀ. ಅಡ್ಡಳತೆಯ, 1,043 ಗ್ರಾಂ ತೂಕದ ಉಕ್ಕಿನ ಗೋಲವನ್ನು 2 ಮೀಟರ್ ಎತ್ತರದಿಂದ ಐದು ಕಡೆ ಬೀಳಿಸಬೇಕು. ಐದು ಗುಣಿಗಳ ಸರಾಸರಿ ಆಳ 19 ಮಿ.ಮೀ., ಅತ್ತಿತ್ತ 2 ಮಿ.ಮೀ. ಒಂದು ಗುಣಿಯೂ 16ಕ್ಕಿಂತ ಕಡಿಮೆ, 22ಕ್ಕಿಂತ ಹೆಚ್ಚು ಇರಬಾರದು. ಗೋಲವನ್ನು ಕೈಯಿಂದ ಬಿಟ್ಟರೆ ತಿರುಗಿಕೊಂಡು ಬೀಳುತ್ತದೆ, ಬೀಳುವ ಜಾಗವೂ ತಪ್ಪುತ್ತದೆ. ವಿದ್ಯುತ್ಕಾಂತದಿಂದ ಬಿಡುವ, ಎತ್ತರ ನಿಗದಿಯಾದ ಸ್ಟ್ಯಾಂಡ್ ಕೊಳ್ಳಿ. ಇಂಡೆಂಟಿನಿಂದ ಮರೆತುಹೋಗುವ ವಸ್ತುಗಳಲ್ಲಿ ಇದೇ ಮೊದಲನೆಯದು.

ಎರಡನೆಯದು ಓವನ್. ಕ್ಲೇ ತುಂಬುವ ಎನ್‌ಐಜೆ ಚೌಕಟ್ಟಿನ ಒಳಅಳತೆ 610 × 610 × 140 ಮಿ.ಮೀ. ಲೆಕ್ಕ ಹಾಕಿ: ಕ್ಲೇ ಒಂದೇ ಸುಮಾರು 80 ಕಿಲೋ, ಚೌಕಟ್ಟು ಸೇರಿ ನೂರರ ಹತ್ತಿರ. ಇದನ್ನು ಯಾರು ಎತ್ತುತ್ತಾರೆ? ಸಾಮಾನ್ಯ ಪ್ರಯೋಗಾಲಯದ ಓವನ್ನಿನ ತಟ್ಟೆ ಇಷ್ಟು ಭಾರ ತಡೆಯುವುದಿಲ್ಲ, ಬಾಗಿಲೂ ಸಾಲುವುದಿಲ್ಲ. ಟ್ರಾಲಿ ಸಮೇತ ಒಳಗೆ ತಳ್ಳುವಂಥ, ನೆಲಮಟ್ಟದ ಬಾಗಿಲಿನ, ಕನಿಷ್ಠ ಮೂರು ಚೌಕಟ್ಟು ಹಿಡಿಸುವ ಓವನ್ ಬೇಕು: ಒಂದು ಗುರಿಯಲ್ಲಿ, ಒಂದು ಸಿದ್ಧವಾಗಿ, ಒಂದು ಮತ್ತೆ ಬಿಸಿಯಾಗುತ್ತ. ಕ್ಲೇ ಶಾಖವನ್ನು ಸಾಗಿಸುವುದರಲ್ಲಿ ಬಲು ನಿಧಾನ. ಮೇಲ್ಮೈ ಬಿಸಿಯಾದರೂ ನಡುಭಾಗ ತಣ್ಣಗಿರುತ್ತದೆ, ಹಿಂದಿನ ಸಂಜೆಯೇ ಒಳಗಿಡಬೇಕು. ಗುರಿಯನ್ನು ಜರುಗಿಸುವ ಪೀಠಕ್ಕೆ ಬೇರೊಂದು ಬೆಲೆ ಇದೆ ಎಂದದ್ದು ಇದನ್ನೇ. ಆ ಪೀಠ ಈ ನೂರು ಕಿಲೋ ಹೊತ್ತು, ಬಾಗದೆ, ಪ್ರತಿ ಹೊಡೆತಕ್ಕೂ ಹೇಳಿದ ಜಾಗಕ್ಕೆ ಬಂದು ನಿಲ್ಲಬೇಕು.

ಮತ್ತೊಂದು ಸೂಕ್ಷ್ಮ: ಸೀಸದ ಧೂಳು ಹೊರಹಾಕಲು ಗುರಿಯ ಬಳಿ ಗಾಳಿ ಎಳೆಯುವ ಫ್ಯಾನ್ ಇರಬೇಕು, ಅದೇ ಗಾಳಿ ಕ್ಲೇಯ ಮುಖವನ್ನು ತಣ್ಣಗಾಗಿಸುತ್ತದೆ. ವಾತಾಯನ ಗುತ್ತಿಗೆದಾರ ಮತ್ತು ರೇಂಜಿನ ಗುತ್ತಿಗೆದಾರ ಬೇರೆ ಬೇರೆಯಾಗಿದ್ದರೆ ಇದು ಇಬ್ಬರ ಕೆಲಸವೂ ಆಗುವುದಿಲ್ಲ.

ಜೆಲಾಟಿನ್ ಪಾರದರ್ಶಕ, ಅದೇ ಅದರ ಗುಣ. ಕ್ಲೇ ಕೊನೆಗೆ ಉಳಿದ ಗುಣಿಯನ್ನು ಮಾತ್ರ ಹೇಳಿದರೆ, ಜೆಲಾಟಿನ್ ಉಬ್ಬು ಎದ್ದು ಇಳಿಯುವುದನ್ನು ಕ್ಯಾಮೆರಾಗೆ ತೋರಿಸುತ್ತದೆ. 10 ಶೇಕಡಾ ಜೆಲಾಟಿನನ್ನು 4 ಡಿಗ್ರಿಯಲ್ಲಿ, 20 ಶೇಕಡಾದ್ದನ್ನು 10 ಡಿಗ್ರಿಯಲ್ಲಿ ಬಳಸುವುದು ರೂಢಿ, ಅಂದರೆ ಓವನ್ ಬದಲು ತಂಪುಪೆಟ್ಟಿಗೆ. ಕೆಲವೇ ದಿನಗಳಲ್ಲಿ ಕೆಡುತ್ತದೆ, ಪ್ರತಿ ಅಡುಗೆಗೂ ಗುಣ ಸ್ವಲ್ಪ ಬದಲು. ಪಾಸು-ಫೇಲು ಹೇಳಬೇಕಾದವರಿಗೆ ಕ್ಲೇ ಬಿಟ್ಟು ದಾರಿಯಿಲ್ಲ, ಏಕೆಂದರೆ ಮಾನದಂಡದ 44 ಮಿ.ಮೀ. ಮಿತಿ ಕ್ಲೇಗೇ ಕಟ್ಟಿದ್ದು. ಆ ಅಂಕಿಯೂ 1970ರ ದಶಕದಲ್ಲಿ ಕೈಬಂದೂಕಿನ ಗುಂಡು, ಮೆತ್ತನೆಯ ಕವಚ, ಆಡುಗಳ ಮೇಲಿನ ಪ್ರಯೋಗದಿಂದ ಬಂದದ್ದು. ರೈಫಲ್ ಪ್ಲೇಟಿನ ಸಂಶೋಧನೆ ಮಾಡುವವರು ಅದನ್ನು ದೇಹಕ್ಕಾಗುವ ಗಾಯದ ಅಳತೆ ಎಂದು ನಂಬಿಕೊಳ್ಳಬಾರದು.

ತಗ್ಗು ಅಳೆಯಲು ಕ್ಯಾಲಿಪರ್ ಸಾಕೇ, ಲೇಸರ್ ಸ್ಕ್ಯಾನರ್ ಬೇಕೇ?

ಇದಕ್ಕೆ ದಾಖಲೆಯಲ್ಲಿರುವ ಪಾಠವೊಂದಿದೆ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ, ಅಲ್ಲಿನ ಸೈನ್ಯದ ಕವಚ ಪರೀಕ್ಷೆಗಳ ಬಗ್ಗೆ 2009ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ತಗ್ಗು ಅಳೆಯಲು ಕ್ಯಾಲಿಪರ್ ಬದಲು ಲೇಸರ್ ಸ್ಕ್ಯಾನರ್ ತಂದಾಗ ಅದರ ನಿಖರತೆಯನ್ನು ಪೂರ್ತಿ ಪರಿಶೀಲಿಸಿ ಪ್ರಮಾಣೀಕರಿಸಿರಲಿಲ್ಲ ಎಂಬುದು ಆಕ್ಷೇಪಗಳಲ್ಲಿ ಒಂದು. ಅಳತೆಯನ್ನು ಕೆಳಮುಖವಾಗಿ ಪೂರ್ಣಾಂಕಗೊಳಿಸಿದ್ದು, ಕ್ಲೇ ಮಳೆಗೆ, ಹೊರಗಿನ ಹವೆಗೆ ಒಡ್ಡಿಕೊಂಡದ್ದು ಇನ್ನೆರಡು. ಸ್ಕ್ಯಾನರ್ ಕೆಟ್ಟ ಯಂತ್ರವೇನಲ್ಲ, ಅದರ ರೆಸಲ್ಯೂಷನ್ ಈ ಕೆಲಸಕ್ಕೆ ಧಾರಾಳ. ಬಿದ್ದುಹೋದದ್ದು ಯಂತ್ರ ಬದಲಿಸುವಾಗ ಮಾಡಬೇಕಿದ್ದ ಹೋಲಿಕೆಯ ಕೆಲಸ.

ಕ್ಯಾಲಿಪರಿನ ದೋಷ ಗೊತ್ತಿರುವಂಥದ್ದು. ಅತಿ ಆಳದ ಬಿಂದುವನ್ನು ಕಣ್ಣಂದಾಜಿನಲ್ಲಿ ಹುಡುಕಬೇಕು, ತುದಿ ಮೆತ್ತನೆಯ ಕ್ಲೇಗೆ ಇಳಿಯುತ್ತದೆ, ಗುಣಿಯ ಅಂಚು ಉಬ್ಬಿದ್ದರೆ ಆಧಾರದ ಮಟ್ಟವೇ ತಪ್ಪುತ್ತದೆ. ಕೊನೆಯದಕ್ಕೆ ಚೌಕಟ್ಟಿನ ಅಂಚಿನ ಮೇಲೆ ಕೂರುವ ಉಕ್ಕಿನ ಸೇತುವೆ ಪಟ್ಟಿ ಮದ್ದು. ಸ್ಕ್ಯಾನರ್ ಮೊದಲು ಚಪ್ಪಟೆ ಮೇಲ್ಮೈಯನ್ನು, ಆಮೇಲೆ ಗುಣಿಯನ್ನು ಓದಿ ಕಳೆಯುತ್ತದೆ. ಗುಣಿಯ ಆಕಾರ, ಗಾತ್ರ ಎಲ್ಲ ಸಿಗುತ್ತವೆ, ಸಂಶೋಧನೆಗೆ ಅದು ಚಿನ್ನ. ಆದರೆ ಗುಣಿಯ ತಳದಲ್ಲಿ ಎದ್ದ ನೂಲಿನ ಎಳೆಯನ್ನೂ ಅದು ಮೇಲ್ಮೈ ಎಂದೇ ಓದುತ್ತದೆ, ಸಾಫ್ಟ್‌ವೇರಿನ ನುಣುಪುಗೊಳಿಸುವ ಫಿಲ್ಟರ್ ಬದಲಿಸಿದರೆ ಆಳವೂ ಬದಲಾಗುತ್ತದೆ. ಸ್ಕ್ಯಾನರ್ ಕೊಳ್ಳುವುದಾದರೆ ಫಿಲ್ಟರ್ ಸೆಟ್ಟಿಂಗ್ ಬೀಗ ಹಾಕುವಂತಿರಲಿ, ಮೂಲ ಬಿಂದುಗಳ ಕಡತ ಹೊರತೆಗೆಯುವಂತಿರಲಿ. ಕನಿಷ್ಠ 30 ಗುಣಿಗಳನ್ನು ಎರಡೂ ವಿಧಾನದಲ್ಲಿ, ಇಬ್ಬರು ಬೇರೆ ಬೇರೆ ಸಿಬ್ಬಂದಿ ಅಳೆದು ಹೋಲಿಸಿದ ಮೇಲೆಯೇ ಕ್ಯಾಲಿಪರನ್ನು ಬದಿಗಿಡಿ.

ಕ್ಯಾಮೆರಾ

ಓವನ್ ಇಲ್ಲದ ಪ್ರಯೋಗಾಲಯದಲ್ಲಿ ಸೆಕೆಂಡಿಗೆ ಲಕ್ಷ ಫ್ರೇಮಿನ ಕ್ಯಾಮೆರಾ ಕಂಡರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನೆನಪಾಗುತ್ತದೆ. ಪಾಸು-ಫೇಲಿನ ಕೆಲಸಕ್ಕೆ ಕ್ಯಾಮೆರಾ ಬೇಕೇ ಬೇಕು ಎಂದೇನಿಲ್ಲ. ವಾಲು ನೋಡಲು ಕಾಗದದ ಕಾರ್ಡು ಸಾಕಾಗುತ್ತದೆ.

ಸಂಶೋಧನೆಗೆ ಬೇಕಾದರೆ, ನೋಡಬೇಕಾದದ್ದು ಗುಂಡೋ ಉಬ್ಬೋ ಎಂದು ತೀರ್ಮಾನಿಸಿ. 50,000 ಫ್ರೇಮಿನಲ್ಲಿ 850 ಮೀಟರ್ ವೇಗದ ಗುಂಡು ಒಂದು ಫ್ರೇಮಿನಿಂದ ಇನ್ನೊಂದಕ್ಕೆ 17 ಮಿ.ಮೀ. ಜಿಗಿದಿರುತ್ತದೆ. ಸೆಕೆಂಡಿಗೆ 100 ಮೀಟರಿನಂತೆ ಏಳುವ ಉಬ್ಬು 2 ಮಿ.ಮೀ. ಮಾತ್ರ. ಅದೇ ಕ್ಯಾಮೆರಾ ಎರಡನೆಯದಕ್ಕೆ ಸೊಗಸು, ಮೊದಲನೆಯದಕ್ಕೆ ಸಾಲದು. ಗುಂಡಿನ ಚಿತ್ರ ಮಸುಕಾಗದಿರಲು ಎಕ್ಸ್‌ಪೋಷರ್ ಮುಖ್ಯ: 1 ಮೈಕ್ರೋಸೆಕೆಂಡಿನಲ್ಲಿ 0.85 ಮಿ.ಮೀ. ಮಸುಕು. ಎಕ್ಸ್‌ಪೋಷರ್ ಇಳಿದಷ್ಟೂ ಬೆಳಕು ಏರಿಸಬೇಕು, ದೀಪದ ಬೆಲೆ ಅಂದಾಜುಪಟ್ಟಿಯಲ್ಲಿ ಇರುವುದೇ ಇಲ್ಲ. ಬ್ರೋಷರಿನ ಗರಿಷ್ಠ ಫ್ರೇಮ್ ಸಂಖ್ಯೆ ಅಂಚೆಚೀಟಿಯಷ್ಟು ಚಿತ್ರಕ್ಕೆ ಸಿಗುವಂಥದ್ದು. "ಕನಿಷ್ಠ 512 × 512 ಪಿಕ್ಸೆಲಿನಲ್ಲಿ ಇಷ್ಟು ಫ್ರೇಮ್" ಎಂದು ಕೇಳಿ. ಬಟ್ಟೆಯ ಹಿಂಬದಿಗೆ ಚುಕ್ಕೆ ಬಳಿದು ವಿರೂಪವನ್ನು ಮೂರು ಆಯಾಮದಲ್ಲಿ ಅಳೆಯುವುದಾದರೆ ಒಂದೇ ಮಾದರಿಯ ಎರಡು ಕ್ಯಾಮೆರಾ, ಒಂದೇ ಟ್ರಿಗರ್. ಒಂದು ಈಗ, ಇನ್ನೊಂದು ಮುಂದಿನ ವರ್ಷ ಎಂದು ಕೊಂಡರೆ ಅಷ್ಟರಲ್ಲಿ ಆ ಮಾದರಿ ನಿಂತಿರಬಹುದು.

ಸೆರಾಮಿಕ್ ಪುಡಿಯ ಮೋಡದೊಳಗೆ ಏನಾಯಿತೆಂದು ನೋಡಲು ಫ್ಲ್ಯಾಶ್ ಎಕ್ಸ್-ರೇ ಒಂದೇ ದಾರಿ. ಆದರೆ ವಿಕಿರಣ ಪರವಾನಗಿ, ವಿಕಿರಣ ತಡೆಯುವ ಗೋಡೆ, ತರಬೇತಾದ ಸಿಬ್ಬಂದಿ ಇಲ್ಲದೆ ಅದರ ಹೆಸರೆತ್ತಬೇಡಿ. ಒಂದು ಮಟ್ಟಕ್ಕಿಂತ ಶಕ್ತಿಶಾಲಿಯಾದ ಫ್ಲ್ಯಾಶ್ ಎಕ್ಸ್-ರೇ ಯಂತ್ರಗಳು ನ್ಯೂಕ್ಲಿಯರ್ ಸಪ್ಲೈಯರ್ಸ್ ಗ್ರೂಪಿನ ದ್ವಿಬಳಕೆ (ನಾಗರಿಕ ಕೆಲಸಕ್ಕೂ ಅಣ್ವಸ್ತ್ರಕ್ಕೂ ಬಳಸಬಹುದಾದ ವಸ್ತುಗಳ) ಪಟ್ಟಿಯಲ್ಲಿವೆ, ಅತಿವೇಗದ ಕೆಲವು ಕ್ಯಾಮೆರಾಗಳ ಮೇಲೂ ರಫ್ತು ನಿಯಂತ್ರಣ ಇದೆ. ಅಂತಿಮ ಬಳಕೆದಾರರ ಪ್ರಮಾಣಪತ್ರಕ್ಕೆ ಹಿಡಿಯುವ ತಿಂಗಳುಗಳನ್ನು ಪೂರೈಕೆಯ ಗಡುವಿಗೆ ಸೇರಿಸಿ.

ಹವಾಮಾನ ಮತ್ತು ಸವೆತ

ಹೊಸ ಜಾಕೆಟ್ ತಡೆದದ್ದನ್ನು ಹಳೆಯದು ತಡೆಯದು ಎಂಬುದನ್ನು ಜೈಲಾನ್ ನೂಲು ಕಲಿಸಿತು. ಬಳಕೆಯಲ್ಲಿದ್ದ ಜಾಕೆಟ್ 2003ರಲ್ಲಿ ತೂತಾದ ಮೇಲೆ ತನಿಖೆ ನಡೆದು, 2005ರಲ್ಲಿ ಎನ್‌ಐಜೆ ಆ ನೂಲಿನ ಕವಚಗಳಿಗೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. 0101.06ರಲ್ಲಿ ಉರುಳಿಸುವ ಪರೀಕ್ಷೆ ಸೇರಿದೆ: 65 ಡಿಗ್ರಿ ಬಿಸಿ, 80 ಶೇಕಡಾ ತೇವಾಂಶ, ನಿಮಿಷಕ್ಕೆ 5 ಸುತ್ತು, ಹತ್ತು ದಿನ, ಒಟ್ಟು 72,000 ಸುತ್ತು. ಸಾಮಾನ್ಯ ಹವಾಮಾನ ಕೋಶ ಕೊಂಡು ಒಳಗೆ ಡ್ರಮ್ ಕೂರಿಸುತ್ತೇವೆ ಎಂಬ ಉಪಾಯ ಬಹಳ ಕಡೆ ಕೈಕೊಡುತ್ತದೆ. ಮೋಟಾರು ಒಳಗಿದ್ದರೆ ಆ ತೇವದಲ್ಲಿ ಸುಡುತ್ತದೆ, ಹೊರಗಿದ್ದರೆ ದಂಡದ ಸಂದಿಯಿಂದ ಹಬೆ ಸೋರುತ್ತದೆ. ಡ್ರಮ್ ಸಮೇತ ಒಂದೇ ಪೂರೈಕೆದಾರರಿಂದ ತೆಗೆದುಕೊಳ್ಳಿ. ಹತ್ತು ದಿನದ ನಡುವೆ ಕರೆಂಟ್ ಹೋದರೆ ಸುತ್ತಿನ ಲೆಕ್ಕ ಉಳಿಯಬೇಕು.

ಟೆಂಡರ್ ಬರೆಯುವಾಗ

ಎಲ್ಲವನ್ನೂ ಒಬ್ಬರಿಂದ ಟರ್ನ್‌ಕೀ ಕೊಳ್ಳುವುದೋ, ಬಿಡಿಬಿಡಿಯಾಗಿ ಕೊಳ್ಳುವುದೋ? ಮೊದಲ ರೇಂಜ್ ಕಟ್ಟುವವರಿಗೆ ಟರ್ನ್‌ಕೀ ಒಳ್ಳೆಯದು, ಟ್ರಿಗರ್ ತಂತಿ ಯಾರದು ಎಂಬ ಜಗಳ ಇರುವುದಿಲ್ಲ. ಆದರೆ ಸಾಫ್ಟ್‌ವೇರ್ ಮುಚ್ಚಿದ ಪೆಟ್ಟಿಗೆಯಾದರೆ ಮುಂದೆ ಒಂದು ಪರದೆ ಬದಲಿಸಲೂ ಅವರ ಬಾಗಿಲಿಗೇ ಹೋಗಬೇಕು. ಕ್ಯಾಮೆರಾ ಮತ್ತು ಸ್ಕ್ಯಾನರನ್ನು ಬೇರೆ ಟೆಂಡರಿನಲ್ಲಿಟ್ಟು, ರೇಂಜ್, ಪರದೆ, ಪೀಠ, ಓವನ್, ವಾತಾಯನವನ್ನು ಒಂದರಲ್ಲಿ ಕಟ್ಟುವುದು ನಮಗೆ ಸರಿ ಕಾಣುವ ನಡುದಾರಿ.

ವಿಶೇಷಣದ ಭಾಷೆಗೆ ಒಂದು ಉದಾಹರಣೆ. "ರೇಡಾರ್, 10.525 ಗಿಗಾಹರ್ಟ್ಸ್, ತೂಕ 7.2 ಕಿಲೋ ಮೀರದಂತೆ" ಎಂದರೆ ಅದು ಒಂದೇ ಕಂಪನಿಯ ಬ್ರೋಷರಿನ ನಕಲು ಎಂದು ಆಕ್ಷೇಪ ಬರುತ್ತದೆ, ಬಂದರೆ ಉತ್ತರವಿಲ್ಲ. "5.4 ಮಿ.ಮೀ. ಅಡ್ಡಳತೆಯ ಉಕ್ಕಿನ ತುಣುಕನ್ನು 300ರಿಂದ 900 ಮೀಟರ್ ವೇಗದಲ್ಲಿ, ನಮ್ಮ ಒಳಾಂಗಣ ರೇಂಜಿನಲ್ಲಿ, ಸತತ 20 ಹೊಡೆತಗಳಲ್ಲಿ ಕನಿಷ್ಠ 19ನ್ನು ದಾಖಲಿಸಬೇಕು, ವೇಗದ ಅನಿಶ್ಚಿತತೆ 95 ಶೇಕಡಾ ವಿಶ್ವಾಸ ಮಟ್ಟದಲ್ಲಿ 1 ಮೀಟರ್ ಮೀರಬಾರದು" ಎಂದರೆ ಯಾರು ಬೇಕಾದರೂ ಬಿಡ್ ಹಾಕಬಹುದು, ಆಗದವರು ತಾವೇ ಹಿಂದೆ ಸರಿಯುತ್ತಾರೆ. ಕಡಿಮೆ ಬೆಲೆಯ ಬಿಡ್ಡಿಗೇ ಕೊಡಬೇಕಾದ ಪದ್ಧತಿಯಲ್ಲಿ ಗುಣಮಟ್ಟ ಕಾಯುವುದು ಇಂಥ ವಾಕ್ಯಗಳೇ. ಕ್ಯಾಲಿಬ್ರೇಷನ್ ಐಎಸ್‌ಒ/ಐಇಸಿ 17025 ಮಾನ್ಯತೆಯ ಪ್ರಯೋಗಾಲಯದಿಂದ ಇರಲಿ, ಮೊದಲ ಐದು ವರ್ಷದ ಮರು-ಕ್ಯಾಲಿಬ್ರೇಷನ್ ವೆಚ್ಚವನ್ನೂ ಬಿಡ್ಡಿನ ಹೋಲಿಕೆಗೆ ಸೇರಿಸಿ.

ವಾರಂಟಿ ಸಾಮಾನು ಇಳಿದ ದಿನದಿಂದಲ್ಲ, ಸ್ಥಳದಲ್ಲಿ ಪರೀಕ್ಷೆ ಪಾಸಾದ ದಿನದಿಂದ ಶುರುವಾಗಬೇಕು. ಆ ಪರೀಕ್ಷೆಯನ್ನು ಟೆಂಡರಿನಲ್ಲೇ ಬರೆದಿಡಿ: ಎರಡು ಜೋಡಿ ವೇಗಮಾಪಕದಲ್ಲಿ 30 ಹೊಡೆತ, ಎರಡರ ವ್ಯತ್ಯಾಸದ ಪಟ್ಟಿ, ರಾತ್ರಿಯಿಡೀ ಓವನ್ನಿನಲ್ಲಿಟ್ಟ ಕ್ಲೇ ಚೌಕಟ್ಟು ಹೊರಗೆ ಬಂದ ಕೂಡಲೇ ಒಮ್ಮೆ, ವಾತಾಯನ ಚಾಲೂ ಇರುವಾಗ ಆರು ಹೊಡೆತ ಮುಗಿದ ಮೇಲೆ ಇನ್ನೊಮ್ಮೆ ಬೀಳಿಸುವ ಪರೀಕ್ಷೆ ಪಾಸಾಗಬೇಕು, ಪೀಠ ಪೂರ್ತಿ ಭಾರ ಹೊತ್ತು ಆರೂ ಜಾಗಕ್ಕೆ ಹೋಗಿ ಬರಬೇಕು, ಎಲ್ಲ ಮೂಲ ದತ್ತಾಂಶ ಸಾಮಾನ್ಯ ಕಡತವಾಗಿ ಹೊರಬರಬೇಕು. ಹೊಡೆಯುವವರು ಪೂರೈಕೆದಾರರ ತಂತ್ರಜ್ಞರಲ್ಲ, ಪ್ರಯೋಗಾಲಯದ ಸಿಬ್ಬಂದಿಯೇ ಆಗಿರಲಿ. ಕೊನೆಯ ಕಂತಿನ ಬಿಲ್ಲಿಗೆ ಸಹಿ ಅದಾದ ಮೇಲೆ.